ಮಾನಸ ಸರೋವರ, ಬರಿ ಅಂಗೈ

ಲಿಪುಲೇಖ್

2004ನೇ ಇಸವಿ, ಜುಲೈ ತಿಂಗಳು, ಬೆಳಗಿನ ಏಳು ಗಂಟೆ. ಸ್ಥಳ, ಲಿಪುಲೇಖ್ ಕಣಿವೆದಾರಿಯ ನೆತ್ತಿ. ಹಾಜರಿದ್ದವರು: ನಮ್ಮ ಯಾತ್ರೆಯ ತಂಡ, ತಂಡದ ಮೇಲ್ವಿಚಾರಣೆಗೆ ದೆಹಲಿಯಿಂದ ಜೊತೆಗೆ ಬಂದ ಅಧಿಕಾರಿ, ನಮ್ಮ ಕಡೆಯ ಗಡಿ ಕಾವಲಿನವರು, ಆ ಕಡೆಯ ಚೀನಾದವರು. ಇಷ್ಟು ಜನರ ನಡುವೆ ನಾನು ಮತ್ತು ನನ್ನ ಓರಗಿತ್ತಿ ನೀಲಕ್ಕ.

ಗಂಟೆ, ಸ್ಥಳ, ಹಾಜರಿ ಹೇಳದೆ ಮಾತು ಶುರು ಮಾಡಲು ನನಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ಹೀಗೆಯೇ ವರದಿ ಒಪ್ಪಿಸಬೇಕಿತ್ತು. ಅಂದು ಲಿಪುಲೇಖದ ನೆತ್ತಿಯ ಮೇಲೆ ನಡೆದದ್ದೂ ಅದೇ. ನಮ್ಮ ಅಧಿಕಾರಿ ಹೆಸರು ಕೂಗಿ ತಲೆ ಎಣಿಸಿದರು. ಚೀನಾದ ಅಧಿಕಾರಿ ಮತ್ತೊಮ್ಮೆ ಎಣಿಸಿಕೊಂಡರು. ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ವಾರ್ಡು ಒಪ್ಪಿಸುವಂತೆ ಒಂದು ದೇಶ ಇನ್ನೊಂದು ದೇಶಕ್ಕೆ ನಮ್ಮನ್ನು ಒಪ್ಪಿಸಿತು. ಅಲ್ಲಿಯವರೆಗೆ ಸಾಮಾನು ಹೊತ್ತ ನಮ್ಮ ಕುದುರೆಗಳು ಅಲ್ಲಿಂದಲೇ ಹಿಂದಕ್ಕೆ ತಿರುಗಿದವು.

ಗಡಿ ಎಂದರೆ ಗೋಡೆ, ತಂತಿಬೇಲಿ ಏನಾದರೂ ಇರಬಹುದೆಂದುಕೊಂಡಿದ್ದೆ. ಒಂದು ಕಲ್ಲುಗುಡ್ಡೆ ಇತ್ತು, ಅಷ್ಟೆ. ಉಳಿದದ್ದು ಗಾಳಿ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಅರ್ಧ ಅಡಿ ಕಾಂಪೌಂಡಿಗಾಗಿ ಅಕ್ಕಪಕ್ಕದವರು ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ. ಇಲ್ಲಿ ಎರಡು ದೊಡ್ಡ ದೇಶಗಳ ನಡುವೆ ಕಾಲಿಟ್ಟರೆ ಜಾರುವ ಹಿಮ ಬಿಟ್ಟು ಬೇರೇನೂ ಇರಲಿಲ್ಲ.

"ಇಷ್ಟ ಏನ ಸರೋಜಾ?" ಎಂದರು ನೀಲಕ್ಕ. "ನಾ ಬಾಗಿಲಾ ಗೀಗಲಾ ಇರತಾವ ಅಂದಕೊಂಡಿದ್ದೆ."

ನೀಲಕ್ಕ ಗದಗಿನವರು. ನಮ್ಮ ಯಜಮಾನರ ಅಣ್ಣನ ಹೆಂಡತಿ. ಕೆಂಗೇರಿ ಉಪನಗರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಅವರ ಮಾತು ಗದಗಿನ ಸಂತೆಯಿಂದ ಆಚೆ ಬಂದಿಲ್ಲ. ಕೈಲಾಸ ನೋಡಬೇಕೆಂದು ಹಂಬಲಿಸಿದವರು ನಮ್ಮ ಭಾವನವರು. ಹಿಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಮ್ಮ ಪದ್ಧತಿಯಂತೆ ಅವರನ್ನು ಸಮಾಧಿಯಲ್ಲಿ ಕೂರಿಸಿದಾಗ, ಅವರ ಎದೆಯ ಮೇಲಿದ್ದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದವರು ನೀಲಕ್ಕನೇ. "ಅವರ ಪರವಾಗಿ ನಾನ ಹೋಗಿಬರ್ತೀನಿ" ಎಂದು ಅಲ್ಲೇ ಹೇಳಿದರು. ನಮ್ಮ ಯಜಮಾನರು ಜೊತೆಗೆ ಬರಬೇಕಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಹೃದಯದ ದೆಸೆಯಿಂದ ಹಿಂದೆ ಉಳಿದರು. ಹೀಗೆ ನಾವಿಬ್ಬರು ಹೆಂಗಸರು ಹೊರಟೆವು.

ತಕ್ಲಾಕೋಟ್

ಇಳಿದು ಬಂದು ಬಸ್ಸು ಹತ್ತಿ ತಕ್ಲಾಕೋಟ್ ಎಂಬ ಊರು ಸೇರಿದ ಕೂಡಲೇ ನನ್ನ ದಿನಚರಿ ತಲೆಕೆಳಗಾಯಿತು. ಚೀನಾ ದೇಶಕ್ಕೆಲ್ಲ ಒಂದೇ ಗಡಿಯಾರ. ಅದು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ ಓಡುತ್ತದೆ. ರಾತ್ರಿ ಒಂಬತ್ತಕ್ಕೆ ಬಿಸಿಲು ಗೋಡೆಯ ಮೇಲಿರುತ್ತದೆ, ಬೆಳಗ್ಗೆ ಏಳಕ್ಕೆ ಕತ್ತಲು. ಬೆಳಿಗ್ಗೆ ನಾಲ್ಕೂವರೆಗೆ ಏಳುವ ನಾನು ಯಾವ ನಾಲ್ಕೂವರೆಗೆ ಏಳಬೇಕು? ಮೊದಲ ದಿನ ಅಲ್ಲಿಯ ಗಡಿಯಾರ ನೋಡಿ ಎದ್ದು ಮುಖ ತೊಳೆದು ಪೂಜೆಗೆ ಕೂತರೆ ಹೊರಗೆ ಇನ್ನೂ ನಡುರಾತ್ರಿ. ಪಕ್ಕದ ಕೋಣೆಯ ಪುಟ್ಟಸ್ವಾಮಿ ಗೋಡೆ ಬಡಿದರು.

"ಮೇಡಂ, ಶಿವನಾದ್ರೂ ಸ್ವಲ್ಪ ಮಲಗ್ಲಿ ಬಿಡಿ!"

ಪುಟ್ಟಸ್ವಾಮಿಯವರದು ಗೋವಿಂದರಾಜನಗರದಲ್ಲಿ ದಿನಸಿ ಅಂಗಡಿ. ತಂಡದಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ. ಅವರು ನಗಿಸದಿದ್ದರೆ ಆ ಬೋಳು ಬೆಟ್ಟಗಳ ನಡುವೆ ಮಾತೇ ಹೊರಡುತ್ತಿರಲಿಲ್ಲ.

ತಪಾಸಣೆಯ ಮೇಜಿನ ಹತ್ತಿರ ಚೀನಾದ ಸಿಪಾಯಿಯೊಬ್ಬ ನೀಲಕ್ಕನ ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಕಂಡು ತೆರೆಯುವಂತೆ ಸನ್ನೆ ಮಾಡಿದ. ನೀಲಕ್ಕ ಎರಡು ಕೈಯಲ್ಲೂ ಮುಚ್ಚಿಕೊಂಡು ನಿಂತರು. ನಮ್ಮ ಟಿಬೆಟನ್ ಗೈಡ್ ತಾಶಿ ಮುಂದೆ ಬಂದ. ಅವನ ಕೊರಳಲ್ಲೂ ತಗಡಿನದೊಂದು ಚಿಕ್ಕ ಪೆಟ್ಟಿಗೆ ತೂಗುತ್ತಿತ್ತು. ಒಳಗೆ ದೇವರಿದೆಯಂತೆ, ಅಲ್ಲಿಯವರು ಪ್ರಯಾಣಕ್ಕೆ ಹೊರಡುವಾಗ ಹಾಕಿಕೊಳ್ಳುತ್ತಾರೆ. ಅದನ್ನು ತೋರಿಸಿ ಸಿಪಾಯಿಗೆ ಏನೋ ಹೇಳಿದ. ಸಿಪಾಯಿ ಕೈ ಬೀಸಿ ಬಿಟ್ಟುಬಿಟ್ಟ.

"ನೋಡವಾ, ಇವರೂ ಕಟಗೊಂತಾರ!" ನೀಲಕ್ಕನ ಮುಖ ಅರಳಿತು. "ನಾವು ಪರದೇಶಕ್ಕ ಬಂದೇ ಇಲ್ಲ ಬಿಡು."

ಅವರ ಮುಖ ಹಾಗೆ ಅರಳಿದ್ದು ಅದೇ ಕೊನೆ.

ಮಾನಸ ಸರೋವರದ ದಡ

ನಮ್ಮ ತಂಡವನ್ನು ಎರಡು ಭಾಗ ಮಾಡಿದ್ದರು. ಒಂದು ಭಾಗ ಮೊದಲು ಕೈಲಾಸದ ಪ್ರದಕ್ಷಿಣೆಗೆ, ನಮ್ಮ ಭಾಗ ಮೊದಲು ಸರೋವರಕ್ಕೆ. ಸರೋವರದ ನೀಲಿಯನ್ನು ಬಣ್ಣಿಸುವ ಕೆಲಸ ನನ್ನದಲ್ಲ. ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ನೋಡಿದ್ದು ದಡದ ಕಲ್ಲುಗಳನ್ನು. ಮೊಟ್ಟೆಯಾಕಾರದ, ಕಪ್ಪು, ನುಣುಪು ಕಲ್ಲುಗಳು, ಕಣ್ಣು ಹಾಯಿಸಿದಷ್ಟು ದೂರ. ಯಾತ್ರಿಕರೆಲ್ಲ ಬಗ್ಗಿ ಬಗ್ಗಿ ಆರಿಸಿ ಚೀಲ ತುಂಬುತ್ತಿದ್ದರು.

"ಇದೂ ಲಿಂಗ, ಇದೂ ಲಿಂಗ" ಎನ್ನುತ್ತಿದ್ದರು ಪುಟ್ಟಸ್ವಾಮಿ. "ನಮ್ಮ ಬೀದೀಲಿ ಮನೆಗೊಂದು ಕೊಡ್ಬೇಕು ಮೇಡಂ. ಬರಿಗೈಲಿ ಹೋದ್ರೆ ಅಂಗಡಿ ಬಾಗಿಲು ತೆಗೆಯೋಕೆ ಬಿಡಲ್ಲ."

ಬೆಳಗಿನ ಪೂಜೆಯನ್ನು ನಾನು ದಡದಲ್ಲಿ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ತಂದಿಟ್ಟುಕೊಂಡು ಮುಗಿಸಿದೆ. ನೀಲಕ್ಕನಿಗೂ ಹಾಗೆಯೇ ಮಾಡಲು ಹೇಳಿದೆ.

"ನೀರು ಮಂಜುಗಡ್ಡೆ ಥರ ಇದೆ ಅಕ್ಕ. ಒಳಗೆ ಇಳೀಬೇಡಿ. ಬೆರಳು ಮರಗಟ್ಟುತ್ತೆ."

"ಇಷ್ಟ ದೂರ ಬಂದು ತಂಬಿಗ್ಯಾಗ ತುಂಬಿಕೊಂಡು ಮಾಡೂದೇನ? ಅದನ್ನ ಕೆಂಗೇರ್ಯಾಗ ನಳದ ನೀರಾಗ ಮಾಡ್ತೀನಿ."

ಮೊಣಕಾಲುದ್ದ ನೀರಿನಲ್ಲಿ ಒಂದು ಬಂಡೆಯಿತ್ತು. ಅದರ ಮೇಲೆ ಕೂತು, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಸರೋವರದ ನೀರನ್ನೇ ಎರೆದರು. ನೀರು ಎರೆದರು, ಇನ್ನಷ್ಟು ಎರೆದರು. ವಿಭೂತಿ ಹಚ್ಚಿದರು. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತ ಕೂತರು. ಗಾಳಿ ಎದ್ದು ದಡಕ್ಕೆ ಒಂದು ಅಲೆ ಬಂತು, ದೊಡ್ಡದೇನಲ್ಲ. ಅವರ ಮೈ ಓಲಾಡಿತು, ಬೆರಳುಗಳನ್ನು ಮುಚ್ಚಿದರು. ಆದರೆ ಆ ಬೆರಳುಗಳಿಗೆ ಸ್ಪರ್ಶದ ಅರಿವೇ ಉಳಿದಿರಲಿಲ್ಲ. ಮುಚ್ಚಿದ ಮುಷ್ಟಿಯನ್ನು ಎದೆಗೊತ್ತಿಕೊಂಡು ದಡಕ್ಕೆ ಬಂದರು. ನನ್ನ ಎದುರು ಮುಷ್ಟಿ ಬಿಚ್ಚಿದರು.

ಅಂಗೈ ಬರಿದಾಗಿತ್ತು.

ಇಷ್ಟಲಿಂಗ ಎಂದರೇನೆಂದು ತಿಳಿಯದವರಿಗಾಗಿ ಒಂದು ಮಾತು. ಅದು ಮನೆಯ ದೇವರಕೋಣೆಯ ವಿಗ್ರಹದಂತಲ್ಲ. ಗುರು ದೀಕ್ಷೆ ಕೊಟ್ಟು ಅಂಗೈಗೆ ಇಟ್ಟದ್ದು. ಉಸಿರಿರುವವರೆಗೆ ಮೈಮೇಲೆ, ಆಮೇಲೆ ಮಣ್ಣಿನಲ್ಲಿ ಅದೇ ಅಂಗೈಯಲ್ಲಿ. ಕಳೆದುಹೋದರೆ ಗುರು ಇನ್ನೊಂದನ್ನು ಕೊಡುವವರೆಗೆ ಅನ್ನ ನೀರು ಮುಟ್ಟಬಾರದೆನ್ನುವುದು ಹಳೆಯ ಕಟ್ಟುನಿಟ್ಟು. ಈಗಿನವರಲ್ಲಿ ಎಷ್ಟೋ ಜನ ಅದನ್ನು ಅಷ್ಟಾಗಿ ಪಾಲಿಸುವುದಿಲ್ಲ. ನೀಲಕ್ಕ ಪಾಲಿಸುವವರು.

ಹುಡುಕಿದೆವು. ಪುಟ್ಟಸ್ವಾಮಿ ಪ್ಯಾಂಟು ಮಡಿಸಿ ನೀರಿಗಿಳಿದರು, ತಾಶಿ ಬೂಟು ಬಿಚ್ಚಿ ಇಳಿದ. ಲಿಂಗದ ಮೇಲಿನ ಕಂಥಿ, ಅಂದರೆ ಅದರ ಹೊದಿಕೆ, ಕಪ್ಪು. ತಳದ ಕಲ್ಲುಗಳೂ ಕಪ್ಪು. ನೀರು ಎಷ್ಟು ತಿಳಿಯಾಗಿತ್ತೆಂದರೆ ಪ್ರತಿಯೊಂದು ಕಲ್ಲೂ ಕಾಣುತ್ತಿತ್ತು, ಪ್ರತಿಯೊಂದೂ ಅದೇ ಎನ್ನಿಸುತ್ತಿತ್ತು. ಎತ್ತಿ ನೋಡುವುದು, ಬಿಡುವುದು. ಮಧ್ಯಾಹ್ನದ ಹೊತ್ತಿಗೆ ತಾಶಿಯ ಕಾಲು ನೀಲಿಗಟ್ಟಿತು. ನಾನೇ ಅವನನ್ನು ಮೇಲೆ ಕರೆದೆ.

ತಂಡದವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ನಮ್ಮ ಅಧಿಕಾರಿ ಕೈಮುಗಿದು, "ಮಾತಾಜಿ, ನೀವು ಪುಣ್ಯವಂತರು. ಶಿವ ತನ್ನದನ್ನು ತಾನೇ ತೆಗೆದುಕೊಂಡ" ಎಂದರು. ಒಬ್ಬ ಹೆಂಗಸು ನೀಲಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನೀಲಕ್ಕ ಕಾಲು ಎಳೆದುಕೊಂಡರು. ತಾಶಿ ಟೋಪಿ ತೆಗೆದು ಅವರ ಪಕ್ಕ ಕೂತ.

ಪುಟ್ಟಸ್ವಾಮಿ ಒಳ್ಳೆಯ ಮನಸ್ಸಿನಿಂದಲೇ ಒಂದು ಕಲ್ಲು ಆರಿಸಿ ತಂದರು. "ಅಕ್ಕ, ನೋಡಿ, ಥೇಟ್ ನಿಮ್ದೇ. ತೂಕಾನೂ ಹಂಗೇ ಇದೆ."

ನೀಲಕ್ಕ ಕಲ್ಲು ನೋಡಲಿಲ್ಲ, ಅವರ ಮುಖ ನೋಡಿದರು. "ಪುಟ್ಟಸ್ವಾಮಿಯವರ, ನಿಮ್ಮ ಮಗಾ ಸಂತ್ಯಾಗ ಕಳದ್ರ, ಬ್ಯಾರೆ ಹುಡುಗನ ಕೈ ಹಿಡಕೊಂಡು ಬಂದು 'ಥೇಟ್ ನಿಮ್ಮಂವನ' ಅಂದ್ರ ಮನಿಗೆ ಕರಕೊಂಡು ಹೋಗ್ತೀರೇನು?"

ಪುಟ್ಟಸ್ವಾಮಿ ಆ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು. ತಮ್ಮ ಚೀಲದಲ್ಲಿದ್ದವನ್ನೂ ದಡಕ್ಕೆ ಸುರಿದರು.

ಆ ಸಂಜೆ ನೀಲಕ್ಕ ಗಂಜಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಬಾಯಲ್ಲಿ ಊರಿದ ಎಂಜಲನ್ನೂ ಕರವಸ್ತ್ರಕ್ಕೆ ಉಗುಳುತ್ತಿದ್ದರು. ಡ್ರಿಪ್ ಹಾಕುತ್ತೇನೆಂದರೆ "ಬಿಡು ತಂಗಿ" ಎಂದು ಕೈ ಸರಿಸಿದರು. ಔಷಧಿ ಬೇಡವೆನ್ನುವ ರೋಗಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ರೇಗುವವರು ದಾರಿಗೆ ಬರುತ್ತಾರೆ, ಅಳುವವರೂ ಬರುತ್ತಾರೆ. ಇಷ್ಟು ಮೆತ್ತಗೆ ಬೇಡವೆನ್ನುವವರ ಜೊತೆ ವಾದ ಮಾಡಿ ಗೆದ್ದದ್ದು ನನಗೆ ನೆನಪಿಲ್ಲ. ಅಷ್ಟು ಎತ್ತರದಲ್ಲಿ ಬರಿ ಉಸಿರಾಟಕ್ಕೇ ಮೈಯ ನೀರು ಆರುತ್ತದೆ. ಆರೋಗ್ಯವಂತರೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಲೇ ಇರಬೇಕು. ಅವರ ಬಳಿ ಎಷ್ಟು ಹೊತ್ತು ಉಳಿದಿದೆಯೆಂದು ಲೆಕ್ಕ ಹಾಕಲು ನನಗೆ ಡಾಕ್ಟರು ಬೇಕಿರಲಿಲ್ಲ.

ದಾರ್ಚೆನ್

ಮರುದಿನ ಬೆಳಿಗ್ಗೆ ಬಸ್ಸು ನಮ್ಮನ್ನು ದಾರ್ಚೆನ್‌ಗೆ ತಂದಿಳಿಸಿತು. ಕೈಲಾಸದ ಕಾಲಬುಡದ ಊರು ಅದು. ಊರು ಎನ್ನುವುದಕ್ಕಿಂತ ಕೆಸರು, ಖಾಲಿ ಬಾಟಲಿ, ನಾಯಿಗಳು ಎನ್ನಬೇಕು. ಸುಂಕದಕಟ್ಟೆಯ ಕಡೆ ಹೊಸ ಬಡಾವಣೆಗೆ ಮಣ್ಣು ಅಗೆದು ಬಿಟ್ಟುಹೋದಾಗ ಹೀಗೇ ಕಾಣುತ್ತದೆ. ಅದರ ಮೇಲೆ ಆ ಬಿಳಿ ಶಿಖರ.

ಅಧಿಕಾರಿ ನೇರವಾಗಿ ಹೇಳಿದರು. "ಊಟ ಮಾಡದವರನ್ನು ಪ್ರದಕ್ಷಿಣೆಗೆ ಕರೆದೊಯ್ಯಲು ಆಗುವುದಿಲ್ಲ. ಇವರ ಜೊತೆ ಯಾರಾದರೂ ಇಲ್ಲೇ ಉಳಿಯಬೇಕು."

"ನಾನಿರ್ತೀನಿ" ಎಂದೆ. ಪಾಳಿಯಲ್ಲಿ ಬೇರೆ ಯಾರಿದ್ದರು?

ಪುಟ್ಟಸ್ವಾಮಿ ಹೊರಡುವ ಮುನ್ನ ಬಾಗಿಲಲ್ಲಿ ನಿಂತರು. "ಮೇಡಂ, ನೀವೂ ಅದಕ್ಕೇ ಅಲ್ವಾ ಬಂದಿದ್ದು? ನಾನು ಬೇಕಾದ್ರೆ..."

"ನಿಮಗೆ ಡ್ರಿಪ್ ಹಾಕೋಕೆ ಬರುತ್ತಾ? ಹೋಗಿಬನ್ನಿ."

ತಂಡ ಹೋಯಿತು. ಅತಿಥಿಗೃಹದಲ್ಲಿ ನಾವಿಬ್ಬರು ಮತ್ತು ನಮಗಾಗಿ ಉಳಿದ ತಾಶಿ. ನಮ್ಮ ಕೋಣೆಯ ಕಿಟಕಿಯಿಂದ ಕೈಲಾಸ ನೇರವಾಗಿ ಕಾಣುತ್ತಿತ್ತು. ಬೇರೆಯವರು ಈ ಕೋಣೆಗಾಗಿ ಜಗಳವಾಡುತ್ತಿದ್ದರೇನೋ. ತಾಶಿ ನೀಲಕ್ಕನಿಗೆ ಬೆಟ್ಟದ ಕಡೆ ಕೈ ತೋರಿಸಿ ಮುರುಕು ಹಿಂದಿಯಲ್ಲಿ ಹೇಳಿದ, "ಅಮ್ಮಾ, ಅದೂ ಅವನೇ ಅಲ್ಲವೇ?"

ಅವನ ಮಾತನ್ನು ನಾನು ಕನ್ನಡಕ್ಕೆ ತಂದೆ. ನೀಲಕ್ಕ ಅವನನ್ನು ನೋಡಿ ತಲೆಯಾಡಿಸಿದರು. "ಹೌದಪಾ. ಅದು ಎಲ್ಲಾರದು. ನಂದು ನನ್ನ ಕೈಯಾಗ ಇತ್ತು."

ತಾಶಿ ನನ್ನನ್ನು ಊರಿನ ಟೆಲಿಫೋನ್ ಅಂಗಡಿಗೆ ಕರೆದೊಯ್ದ. ಬಹಳ ಹೊತ್ತು ಕಾದ ಮೇಲೆ ನಮ್ಮ ಯಜಮಾನರ ಧ್ವನಿ ಕೇಳಿಸಿತು. ಹೇಳಬೇಕಾದದ್ದನ್ನು ಚುಟುಕಾಗಿ ಹೇಳಿದೆ.

"ಈಗ್ಲೇ ಮಠಕ್ಕೆ ಹೋಗ್ತೀನಿ" ಎಂದರು. "ನೀನು ಅಲ್ಲೇ ಇರು, ಎಲ್ಲೂ ಹೋಗ್ಬೇಡ."

ಎಲ್ಲಿಗೆ ಹೋಗಲಿ? ಅಂಗಡಿಯವಳು ನನಗೊಂದು ಬಟ್ಟಲು ಉಪ್ಪು ಚಹಾ ಕೊಟ್ಟಳು. ಒಂದು ಗುಟುಕು ಕುಡಿದರೆ ಮತ್ತೆ ತುಂಬುವುದು ಅಲ್ಲಿಯವರ ಮರ್ಯಾದೆ. ಬೇಡವೆಂದರೆ ಬೇಕು ಎಂದೇ ಅವರಿಗೆ ಅರ್ಥ. ನಾನು ಕುಡಿಯುತ್ತ ಹೋದೆ, ಅವಳು ತುಂಬುತ್ತ ಹೋದಳು. ಅಲ್ಲಿ ಒಬ್ಬರ ನಾಲಿಗೆ ಒಣಗುತ್ತಿದೆ, ಇಲ್ಲಿ ನನ್ನ ಬಟ್ಟಲು ಬರಿದಾಗುವುದೇ ಇಲ್ಲ.

ಮತ್ತೆ ಫೋನು ಮಾಡಿದಾಗ ಯಜಮಾನರು ಏದುಸಿರು ಬಿಡುತ್ತಿದ್ದರು. "ಸ್ವಾಮಿಗಳು ಸಿಕ್ಕಿದ್ರು. ದೋಷ ಏನೂ ಇಲ್ಲ ಅಂದ್ರು. ಊರಿಗೆ ಬರೋ ತನಕ ವಿಭೂತಿ ಗಟ್ಟೀನೇ ಅಂಗೈಲಿಟ್ಟು ಪೂಜೆ ಮಾಡ್ಲಿ, ಊಟ ಮಾಡ್ಲಿ, ಬಂದ ತಕ್ಷಣ ಬೇರೆ ಲಿಂಗ ಕೊಡ್ತೀನಿ ಅಂದಿದ್ದಾರೆ. ಅತ್ತಿಗೆಗೆ ಹೇಳು. ಗದರಿಸಿಯಾದ್ರೂ ಹೇಳು."

ಓಡುವುದು ಆ ಎತ್ತರದಲ್ಲಿ ಯಾರಿಗೂ ಸಲ್ಲದು. ಆದರೂ ಓಡುತ್ತಲೇ ಬಂದೆ. ಹಾಸಿಗೆಯ ಮೇಲೆ ನೀಲಕ್ಕ ಕಣ್ಣು ತೆರೆದೇ ಮಲಗಿದ್ದರು. ತುಟಿ ಸೀಳಿತ್ತು. ಸ್ವಾಮಿಗಳ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

"ಅಪ್ಪಾರು ದೊಡ್ಡವರು" ಎಂದರು. ಮಾತು ಕೇಳಿಸಲು ಬಗ್ಗಬೇಕಾಯಿತು. "ಆದರ ಸರೋಜಾ, ಅವರು ಎದುರಿಗೆ ಕುಂತು ಕಿವ್ಯಾಗ ಹೇಳಿ, ಕೈಯಾಗ ಕೊಡಬೇಕು. ನೀ ಅಂಗಡಿಗೆ ಹೋಗಿ ತಂದ ಮಾತಿಗೆ ನಾ ಹ್ಯಾಂಗ ನೀರು ಕುಡೀಲಿ?"

"ಹಾಗಾದ್ರೆ ಸಾಯ್ತೀರಾ ಇಲ್ಲೇ?" ನನ್ನ ಧ್ವನಿ ಏರಿತು. "ಭಾವನವರು ಇದಕ್ಕಾ ನಿಮ್ಮನ್ನ ಕಳಿಸಿದ್ದು?"

"ಸತ್ರ ಸಾಯೂದ. ಅದಕ್ಕ ಹೆದರಿಲ್ಲ ನಾ." ಎಡಗೈಯನ್ನು ಸ್ವಲ್ಪ ಎತ್ತಿದರು. "ಅವರ ಕೈಯಾಗ ನಾನ ಇಟ್ಟು ಬೆರಳು ಮಡಚಿದೆ. ನನ್ನ ಕುಂದ್ರಿಸಿದಾಗ ನೀ ಏನ ಇಡ್ತೀ? ಏನ ಮಡಚ್ತೀ?"

ಕಿಟಕಿಯ ಕಡೆ ನೋಡಿದೆ. ಅಷ್ಟು ದೊಡ್ಡದು ಅಷ್ಟು ಹತ್ತಿರ ನಿಂತಿತ್ತು. ಬೇಡಿಕೊಳ್ಳಬೇಕೆಂದು ಕೂಡ ನನಗೆ ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು. "ಆ ಬಾಟ್ಲಿದು... ಅದು ಬಾಯಾಗ ಹೋಗೂದಿಲ್ಲಲ್ಲ?"

"ಇಲ್ಲ ಅಕ್ಕ. ನರಕ್ಕೆ ಹೋಗುತ್ತೆ. ನುಂಗೋದೇನೂ ಇಲ್ಲ."

"ಹಂಗಾರ ಹಾಕು. ನಿನ್ನ ಮಾರಿ ನೋಡಾಕ ಆಗವಲ್ದು."

ತಂಡದ ಔಷಧಿ ಪೆಟ್ಟಿಗೆ ನನ್ನ ಸುಪರ್ದಿಯಲ್ಲೇ ಇತ್ತು. ಸಲೈನ್ ಬಾಟಲಿ ಮಂಜಿನಷ್ಟು ತಣ್ಣಗಿತ್ತು. ಹಾಗೇ ಹಾಕಿದರೆ ಮೈ ನಡುಗುತ್ತದೆ. ಬಿಸಿನೀರಿನ ಥರ್ಮಾಸ್ ಬರಿದಾಗಿತ್ತು, ಒಲೆ ಹೊತ್ತಿಸಲು ತಾಶಿ ಇನ್ನೂ ಅಂಗಡಿಯಿಂದ ಮರಳಿರಲಿಲ್ಲ. ಬಾಟಲಿಯನ್ನು ರವಿಕೆಯೊಳಗೆ ಎದೆಗಿಟ್ಟು, ಮೇಲೆ ಸ್ವೆಟರ್, ಮೇಲೆ ಶಾಲು ಹೊದ್ದು ಕೂತೆ. ಒಂದು ಕಡೆ ಬಾಟಲಿ, ಪಕ್ಕದಲ್ಲೇ ನನ್ನ ಕರಡಿಗೆ. ಎರಡೂ ನಿಧಾನವಾಗಿ ಬೆಚ್ಚಗಾದವು. ನೀಲಕ್ಕ ಅದನ್ನು ನೋಡುತ್ತಿದ್ದರು. ನಾನು ಶಾಲನ್ನು ಇನ್ನಷ್ಟು ಎಳೆದುಕೊಂಡೆ.

ನರ ಸಿಕ್ಕುವುದು ಕಷ್ಟವಾಯಿತು. ನೀರಿಲ್ಲದೆ ಎಲ್ಲ ಒಳಗೆ ಸೇರಿಕೊಂಡಿದ್ದವು. ಬಲಗೈಯಲ್ಲಿ ಎರಡು ಸಲ ಚುಚ್ಚಿ ಸೋತೆ. ಎಡ ಮೊಣಕೈಯ ಒಳಗೆ ಸಿಕ್ಕಿತು. ಬಾಟಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಹನಿ ಹೊಂದಿಸಿದೆ. ಅವರ ಎಡ ಅಂಗೈ ಅಭ್ಯಾಸ ಬಲದಿಂದ ಮೇಲ್ಮುಖವಾಗಿ, ಬಟ್ಟಲಿನಂತೆ ಬಾಗಿ, ಹಾಸಿಗೆಯ ಮೇಲೆ ಬಿದ್ದಿತ್ತು. ನಾನು ಅದರ ಮೇಲೆ ಕಂಬಳಿ ಎಳೆದೆ. ಅವರು ಕಂಬಳಿ ಸರಿಸಿದರು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿ ಮುಗಿಸುತ್ತೇನೆ. ತಂಡ ಪ್ರದಕ್ಷಿಣೆ ಮುಗಿಸಿ ಬಂದ ದಿನ ನೀಲಕ್ಕ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಗುಟುಕು ನೀರು ಕುಡಿದರು. ಬಾಟಲಿಗಳು ಮುಗಿದಿದ್ದವು, ನನ್ನ ಮಾತುಗಳೂ ಮುಗಿದಿದ್ದವು. "ನಿನಗಾಗಿ ಕುಡದೆ" ಎಂದರು. ತಮ್ಮ ಕಾಲ ಮೇಲೆ ಲಿಪುಲೇಖ ದಾಟಿದರು, ಊರಿಗೆ ಬಂದರು. ಸ್ವಾಮಿಗಳು ಎದುರಿಗೆ ಕೂರಿಸಿಕೊಂಡು ಬೇರೆ ಲಿಂಗ ಕೊಟ್ಟರು. ಹೋದ ತಿಂಗಳು ಕೆಂಗೇರಿಗೆ ಹೋದಾಗ, ಈಗ ಹೇಗಿದೆ ಅಕ್ಕ ಎಂದು ಕೇಳಿದೆ. ಕರಡಿಗೆಯನ್ನು ಮುಟ್ಟಿ ನೋಡಿಕೊಂಡು ಹೇಳಿದರು, "ಬಾಡಿಗಿ ಮನ್ಯಾಗ ಇದ್ದಂಗ ಐತಿ, ಸರೋಜಾ."

ನೀವೂ ಕೈಲಾಸಕ್ಕೆ ಹೋಗಿಬಂದಿರಂತೆ, ಹೇಗಿತ್ತು ಎಂದು ನಮ್ಮ ರಸ್ತೆಯವರು ಈಗಲೂ ಕೇಳುತ್ತಾರೆ. ಅದಕ್ಕೇ ಇಷ್ಟು ಬರೆದದ್ದು. ಇನ್ನು ಡ್ರಿಪ್ ಹಾಕಿದ ಆ ದಿನಕ್ಕೆ ಮರಳುತ್ತೇನೆ.

ಕೊನೆಯ ಹನಿ ಇಳಿದಾಗ ಸಂಜೆಯಾಗಿತ್ತು. ಅಲ್ಲಿಯ ಸಂಜೆ, ಬೇಗ ಮುಗಿಯದ್ದು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ನಾಡಿ ನೋಡಿದೆ, ಬೆಳಗ್ಗೆಗಿಂತ ವಾಸಿ. ಬಾಟಲಿ ಇಳಿಸಿ ನಳಿಗೆ ಸುತ್ತಿಟ್ಟೆ. ನನ್ನ ಸಂಜೆಯ ಪೂಜೆ ಆಗಿರಲಿಲ್ಲ. ಅವರ ಎದುರು ನನ್ನ ಲಿಂಗ ಬಿಚ್ಚಲು ಕೈ ಬರದೆ ಮುಂದೂಡುತ್ತಿದ್ದೆ.

"ನಿನ್ನ ಪೂಜಾ ಮಾಡ್ಕೊ ಹೋಗು" ಎಂದರು ನೀಲಕ್ಕ. "ಹೊತ್ತು ಮೀರಿಸಬ್ಯಾಡ. ನಾ ಆ ಕಡೆ ಹೊಳ್ಳತೀನಿ."

ಹೊರಳಿದರು. ಆದರೆ ಆ ಕಡೆ ಕಿಟಕಿ ಇತ್ತು. ಇಳಿಬಿಸಿಲಿನಲ್ಲಿ ಶಿಖರ ಕೆಂಪಗೆ ಉರಿಯುತ್ತಿತ್ತು. ಅದನ್ನು ನೋಡಲೆಂದೇ ದೇಶ ದಾಟಿ ಬಂದಿದ್ದೆವು. ಸ್ವಲ್ಪ ಹೊತ್ತು ಅವರು ಅದನ್ನೇ ನೋಡಿದರು.

"ಸರೋಜಾ, ಪರದೆ ಎಳಿ."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಪರದೆಯ ಒಂದು ಕೊಕ್ಕೆ ಕಿತ್ತು ಮೂಲೆ ಜೋತುಬಿದ್ದಿತ್ತು. ಪಿನ್ನು ಹಾಕಿ ಸರಿಪಡಿಸಿ, ಸಂದು ಉಳಿಯದಂತೆ ಎಳೆದೆ.